ಗಂಗೆಯ ತಳದ ಕಾಸು

(ಸಂಘದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣ)



ಕಳೆದ ತಿಂಗಳು ಇದೇ ಜಾಗದಲ್ಲಿ ಪ್ರಾವಿಡೆಂಟ್ ಫಂಡಿನ ಲೆಕ್ಕ ಕೇಳಿದಿರಿ. ಈ ತಿಂಗಳು ಲೆಕ್ಕಪತ್ರ ಬೇಡ, ಏನಾದರೂ ತಿಳುವಳಿಕೆಯ ಮಾತು ಹೇಳಿ ಎಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದ್ದಾರೆ. ನಾವು ಏಳನೆಯ ಇಯತ್ತೆಯವರೆಗೆ ಓದಿ, ಆಮೇಲೆ ಎಂಜಲು ಬಳಿಯುವ ಬಟ್ಟೆ ಹಿಡಿದವರು. ತಿಳುವಳಿಕೆ ಎಂದರೆ ನಮಗೆ ಕಣ್ಣಿಗೆ ಬಿದ್ದದ್ದು, ಕೇಳಿ ಖಾತ್ರಿ ಮಾಡಿಕೊಂಡದ್ದು, ಅಷ್ಟೆ. ಅದರಿಂದಲೇ ಇವತ್ತಿನ ಮಾತನ್ನು ಅಡಿಗೆಮನೆಯ ಹುಡುಗರು ಕೇಳಿದ ಒಂದು ಪ್ರಶ್ನೆಯಿಂದ ತೆಗೆದುಕೊಂಡಿದ್ದೇವೆ.

ರಾತ್ರಿ ಬಾಗಿಲು ಹಾಕಿದ ಮೇಲೆ ಹುಡುಗರು ಮೊಬೈಲಿನಲ್ಲಿ ಒಂದು ಚಿತ್ರ ನೋಡುತ್ತಿದ್ದರು. ಯಾವುದೋ ಪರದೇಶದ ಕಡಲತೀರ. ಒಬ್ಬ ಬಿಳಿಯ ಮನುಷ್ಯ ಮೊಣಕಾಲುಮಟ್ಟದ ನೀರಿನಲ್ಲಿ ನಿಂತಿದ್ದಾನೆ. ಕೈಯಲ್ಲಿ ಕೋಲು, ಕೋಲಿನ ತುದಿಗೆ ದೋಸೆಕಲ್ಲಿನಂಥ ಒಂದು ತಟ್ಟೆ, ಕಿವಿಗೆ ಹೆಡ್‌ಫೋನು. ತಟ್ಟೆಯನ್ನು ನೀರೊಳಗೆ ಆಡಿಸುತ್ತ ನಡೆಯುತ್ತಾನೆ, ಕಿವಿಯಲ್ಲಿ ಸದ್ದಾದ ಕಡೆ ತೂತಿನ ಸಲಿಕೆಯಿಂದ ಮರಳು ಎತ್ತಿ ಜಾಲಿಸುತ್ತಾನೆ. ಮರಳೆಲ್ಲ ಹೋದ ಮೇಲೆ ಸಲಿಕೆಯಲ್ಲಿ ಒಂದು ಚಿನ್ನದ ಉಂಗುರ! ಹುಡುಗರು ನಮ್ಮನ್ನು ಕೇಳಿದರು: "ಅಣ್ಣಾ, ಇಂಥದೊಂದು ಮೆಶಿನ್ನು ತಕ್ಕೊಂಡು ಬಾಬುಘಾಟಿಗೆ ಹೋದರೆ ಈ ಮಾಣಿ ಕೆಲಸ ಬಿಟ್ಟೇ ಬಿಡಬಹುದಲ್ಲ?"

ಎಲ್ಲರೂ ನಕ್ಕರು. ನಾವೂ ನಕ್ಕೆವು. ಆದರೆ ಕೆಲಸ ಬಿಡುವ ಮಾತು ಬಂದಾಗ ಸಂಘದವರು ಸುಮ್ಮನಿರಲಿಕ್ಕಾಗದು. ಮೂರು ವಾರದ ರಜೆಯ ದಿನಗಳನ್ನು ಗಂಗೆಯ ದಡದಲ್ಲೇ ಕಳೆದು, ಕೇಳಿ, ನೋಡಿ ಬಂದೆವು.

ನೋಡಿದ ಮೊದಲ ಸಂಗತಿ ಏನೆಂದರೆ, ಆ ಕೆಲಸ ಇಲ್ಲಿ ಆಗಲೇ ನಡೆಯುತ್ತಿದೆ. ಮೆಶಿನ್ನು ಮಾತ್ರ ಇಲ್ಲ. ಬಾಬುಘಾಟಿನಲ್ಲಿ, ಜಗನ್ನಾಥ ಘಾಟಿನಲ್ಲಿ, ಅಹಿರಿಟೋಲಾದಲ್ಲಿ, ಆಚೆ ದಕ್ಷಿಣೇಶ್ವರದ ಮೆಟ್ಟಿಲ ಕೆಳಗೆ, ನೀರು ಇಳಿದ ಹೊತ್ತಿಗೆ ಹೋಗಿ ನಿಂತು ನೋಡಿ. ಹುಡುಗರು, ಕೆಲವು ಕಡೆ ನಡುವಯಸ್ಸಿನವರು, ಹಗ್ಗದ ತುದಿಗೆ ಕಪ್ಪು ಬಳೆಯಂಥ ಒಂದು ಕಲ್ಲು ಕಟ್ಟಿ ನೀರಿಗೆ ಬಿಟ್ಟು ತಳದ ಕೆಸರಿನ ಮೇಲೆ ಎಳೆಯುತ್ತಿರುತ್ತಾರೆ. ಅದು ಕಲ್ಲಲ್ಲ, ಹಳೆಯ ಲೌಡ್‌ಸ್ಪೀಕರಿನ ಒಳಗಿನ ಅಯಸ್ಕಾಂತ. ನಮ್ಮಲ್ಲಿ ಸೂಜಿಗಲ್ಲು ಎನ್ನುತ್ತೇವಲ್ಲ, ಅದೇ. ಬಂಗಾಳಿಯಲ್ಲಿ ಚುಂಬಕ್, ನಮ್ಮ ಪುಸ್ತಕದ ಕನ್ನಡದಲ್ಲೂ ಚುಂಬಕವೇ, ಹೀಗಾಗಿ ಆ ಒಂದು ಶಬ್ದಕ್ಕೆ ಭಾಷೆಯ ಜಗಳ ಬರಲಿಲ್ಲ. ಹಗ್ಗ ಮೇಲಕ್ಕೆ ಬಂದಾಗ ಅಯಸ್ಕಾಂತದ ಮೈತುಂಬ ಮೊಳೆ, ತಂತಿಯ ಚೂರು, ಡಬ್ಬಿಯ ಮುಚ್ಚಳ, ಅವುಗಳ ನಡುವೆ ಎರಡೋ ಮೂರೋ ನಾಣ್ಯ. ನಾಣ್ಯ ಬಾಯಿಗೆ, ಎಂದರೆ ದವಡೆಯ ಸಂದಿಗೆ, ಏಕೆಂದರೆ ಉಟ್ಟ ಚಡ್ಡಿಗೆ ಜೇಬಿಲ್ಲ. ಮೊಳೆ ಚೀಲಕ್ಕೆ, ಅದು ಗುಜರಿಯವನಿಗೆ ಕಿಲೋ ಲೆಕ್ಕದಲ್ಲಿ ಹೋಗುತ್ತದೆ.

ಈ ಕಾಸು ನೀರಿಗೆ ಎಲ್ಲಿಂದ ಬಂತೆಂದು ನಿಮಗೆ ಹೇಳಬೇಕಾಗಿಲ್ಲ. ನಿಮ್ಮಲ್ಲಿ ಎಷ್ಟೋ ಮಂದಿ ಊರಿಂದ ಬರುವಾಗ ರೈಲು ಕೃಷ್ಣೆಯನ್ನೋ ಗೋದಾವರಿಯನ್ನೋ ದಾಟುವ ಹೊತ್ತಿಗೆ ಕಿಟಕಿಯಿಂದ ಕೈ ಹೊರಚಾಚಿ ಒಂದು ರೂಪಾಯಿ ಎಸೆದಿದ್ದೀರಿ. ಮಹಾಲಯದ ತರ್ಪಣಕ್ಕೆ, ಛಟ್ ಹಬ್ಬಕ್ಕೆ, ಮಕರ ಸಂಕ್ರಾಂತಿಗೆ ಈ ಊರಿನ ಘಾಟುಗಳಲ್ಲಿ ಕಾಲಿಡಲು ಸ್ಥಳವಿರುವುದಿಲ್ಲ. ಗಂಗಾಸಾಗರಕ್ಕೆ ಹೋಗುವ ಯಾತ್ರಿಕರು ಔಟ್ರಾಮ್ ಘಾಟಿನ ಬಳಿ ಬೀಡುಬಿಟ್ಟು, ಅಲ್ಲಿಂದ ನದಿ ಸಮುದ್ರ ಸೇರುವ ಸಾಗರದ್ವೀಪಕ್ಕೆ ಹೋಗುತ್ತಾರೆ. ಅಲ್ಲಿ ನೀರು ಬಹುದೂರದವರೆಗೆ ಸೊಂಟದ ಮೇಲೆ ಬರುವುದಿಲ್ಲ. ಸ್ನಾನ ಮಾಡಿದವರೆಲ್ಲ ಕಾಸು ಹಾಕುತ್ತಾರೆ. ಅಲ್ಲಿಯೂ ಮಕ್ಕಳು ಅಯಸ್ಕಾಂತ ಎಳೆಯುತ್ತಾರೆ.

ಹಿಂದಿನ ಕಾಲದ ಕಾಸು ತಾಮ್ರದ್ದು, ತಾಮ್ರ ನೀರನ್ನು ಶುದ್ಧಿ ಮಾಡುತ್ತದೆ, ಅದಕ್ಕೇ ಹಿರಿಯರು ನದಿಗೆ ಹಾಕುತ್ತಿದ್ದರು ಎಂದು ಕೆಲವರು ವಾದ ಹೂಡುತ್ತಾರೆ. ತಾಮ್ರದ ಚೊಂಬಿನಲ್ಲಿ ರಾತ್ರಿ ಇಟ್ಟ ನೀರಿನ ಮಾತು ಬೇರೆ, ಹರಿಯುವ ಹೂಗ್ಲಿಯ ಮಾತು ಬೇರೆ. ಅದಿರಲಿ, ಈಗ ಹಾಕುವ ಕಾಸು ತಾಮ್ರದ್ದೇ ಅಲ್ಲವಲ್ಲ! ಭಕ್ತಿಯಿಂದ ಹಾಕುವವರು ಹಾಕಲಿ, ಅದಕ್ಕೆ ವಿಜ್ಞಾನದ ಸಾಕ್ಷಿ ತರುವುದೇಕೆ?

ಕಾಸಿನ ಲೋಹದ ವಿಚಾರ ಬಂತು. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇವೆ, ಗಲ್ಲದಲ್ಲಿ ಕೂರುವವರಿಗೂ ಇದು ತಿಳಿದಿರುವುದು ಒಳ್ಳೆಯದು. ಅಯಸ್ಕಾಂತಕ್ಕೆ ಎಲ್ಲ ಲೋಹವೂ ಅಂಟುವುದಿಲ್ಲ. ಕಬ್ಬಿಣ ಅಂಟುತ್ತದೆ, ನಿಕ್ಕಲ್ ಅಂಟುತ್ತದೆ. ಚಿನ್ನ, ಬೆಳ್ಳಿ, ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಂ ಅಂಟುವುದಿಲ್ಲ. ಸ್ವಾತಂತ್ರ್ಯ ಬಂದ ಕಾಲದ ಒಂದು ರೂಪಾಯಿ ಶುದ್ಧ ನಿಕ್ಕಲ್ಲಿನದು, ಅದು ಅಂಟುತ್ತಿತ್ತು. 1957ರ ಏಪ್ರಿಲ್ 1ರಂದು ಆಣೆ ಹೋಗಿ ನಯಾಪೈಸೆ ಬಂತು. 1960ರ ದಶಕದ ನಡುವಿನಿಂದ ಸಣ್ಣ ಚಿಲ್ಲರೆ ಅಲ್ಯೂಮಿನಿಯಂ ಆಗತೊಡಗಿತು. ಊದಿದರೆ ಹಾರುವಂಥ ಕಾಸು, ಅಯಸ್ಕಾಂತಕ್ಕೆ ದಕ್ಕದು. 1970ರ ದಶಕದ ನಡುವಿನಿಂದ ರೂಪಾಯಿಗೆ ತಾಮ್ರ ನಿಕ್ಕಲ್ ಬೆರೆಸಿದರು. ನಿಕ್ಕಲ್ ಇದ್ದರೂ ಮುಕ್ಕಾಲು ಪಾಲು ತಾಮ್ರವಾದ್ದರಿಂದ ಅದೂ ಅಂಟಲಿಲ್ಲ. ನೀರಿನ ಹುಡುಗರ ಪುಣ್ಯಕ್ಕೆ 1988ರಲ್ಲಿ ನಾಲ್ಕಾಣೆ ಎಂಟಾಣೆ, 1992ರಲ್ಲಿ ಒಂದು ರೂಪಾಯಿ, 2005ರಿಂದ ಎರಡು ರೂಪಾಯಿ ತುಕ್ಕುಹಿಡಿಯದ ಉಕ್ಕಿಗೆ ತಿರುಗಿದವು. ಇದರಲ್ಲಿ ನೂರಕ್ಕೆ 83 ಪಾಲು ಕಬ್ಬಿಣ, 17 ಪಾಲು ಕ್ರೋಮಿಯಂ. ನಮ್ಮ ಹೋಟೆಲಿನ ಸ್ಟೀಲು ಲೋಟದ ತಮ್ಮ ಎನ್ನಿ. ಲೋಟಗಳಲ್ಲಿ ಅಂಟುವ ಜಾತಿಯೂ ಉಂಟು, ಅಂಟದ ಜಾತಿಯೂ ಉಂಟು. ಈ ನಾಣ್ಯ ಅಂಟುವ ಜಾತಿ.

ಆದರೆ ಐದು ರೂಪಾಯಿ? ಈಗಿನ ಹಳದಿ ಐದು ರೂಪಾಯಿ ತಾಮ್ರ, ಸತು, ನಿಕ್ಕಲ್ ಬೆರಕೆಯ ಹಿತ್ತಾಳೆ ಜಾತಿ. 2007ರ ಸುಮಾರಿನ ಉಕ್ಕಿನ ಐದು ಬಿಟ್ಟರೆ ಮಿಕ್ಕ ಐದುಗಳು ಅಯಸ್ಕಾಂತದ ಪಕ್ಕದಲ್ಲೇ ಮಲಗಿದ್ದರೂ ಕದಲುವುದಿಲ್ಲ. 2020ರಲ್ಲಿ ಬಂದ ಹನ್ನೆರಡು ಮೂಲೆಯ ಇಪ್ಪತ್ತು ರೂಪಾಯಿಯೂ ಹಾಗೆಯೇ. ಎಂದರೆ ಬಡವನ ಹಗ್ಗಕ್ಕೆ ಒಂದು ಎರಡು ಸಿಗುತ್ತವೆ, ಐದು ಇಪ್ಪತ್ತು ತಳದಲ್ಲೇ ಉಳಿಯುತ್ತವೆ. ಅವುಗಳಿಗಾಗಿ ಮುಳುಗಬೇಕು. ಕಣ್ಣು ತೆರೆದರೂ ಏನೂ ಕಾಣದ ಮಣ್ಣುನೀರಿನಲ್ಲಿ ಕೈಯಿಂದ ತಡವಬೇಕು, ಅಥವಾ ನಿಂತು ಕಾಲಿನ ಹೆಬ್ಬೆರಳಿನಿಂದ ತಡವಿ, ಬೆರಳ ಸಂದಿಯಲ್ಲಿ ಹಿಡಿದು ಎತ್ತಬೇಕು.

ಒಂದು ತಮಾಷೆ ಕೇಳಿ. ಈ ಕಾಸುಗಳಲ್ಲಿ ಎಷ್ಟೋ ಹುಟ್ಟಿದ್ದು ಇದೇ ಊರಿನ ಅಲಿಪುರದಲ್ಲಿ. ಅಲ್ಲಿಯ ಟಂಕಸಾಲೆ 1952ರಿಂದ ನಡೆಯುತ್ತಿದೆ. ನಾಣ್ಯದ ಇಸವಿಯ ಕೆಳಗೆ ನೋಡಿ: ವಜ್ರದ ಗುರುತಿದ್ದರೆ ಮುಂಬಯಿ, ನಕ್ಷತ್ರವಿದ್ದರೆ ಹೈದರಾಬಾದು, ಚುಕ್ಕೆಯಿದ್ದರೆ ನೋಯ್ಡಾ. ಏನೂ ಗುರುತಿಲ್ಲದಿದ್ದರೆ ಕಲಕತ್ತೆಯದು. ಅಲಿಪುರದಿಂದ ಬ್ಯಾಂಕಿಗೆ, ಬ್ಯಾಂಕಿನಿಂದ ಗಲ್ಲಕ್ಕೆ, ಗಲ್ಲದಿಂದ ಗಿರಾಕಿಯ ಕೈಗೆ, ಅವನ ಕೈಯಿಂದ ಗಂಗೆಗೆ, ಗಂಗೆಯಿಂದ ಈ ಹುಡುಗನ ದವಡೆಗೆ, ಅಲ್ಲಿಂದ ಮತ್ತೆ ಚಹಾ ಅಂಗಡಿಗೆ. 2007ರಲ್ಲಿ ಈ ಊರಿನಲ್ಲಿ ಚಿಲ್ಲರೆಯ ಬರ ಬಂದಿತ್ತು. ಉಕ್ಕಿನ ನಾಣ್ಯ ಗಡಿ ದಾಟಿ ಬಾಂಗ್ಲಾದೇಶದಲ್ಲಿ ಕರಗಿ ಕ್ಷೌರದ ಬ್ಲೇಡಾಗುತ್ತಿದೆ ಎಂದು ಆಗ ಪೊಲೀಸರೇ ಹೇಳಿದ್ದರು. ಹಾಗೆ ಕಾಸು ಕರಗಿಸಿದವನು ಸಂತೆಯಿಂದ ಕಾಸನ್ನು ಕಳೆದ. ನೀರಿನಿಂದೆತ್ತುವ ಹುಡುಗ ಸಂತೆಗೆ ಕಾಸನ್ನು ಮರಳಿಸುತ್ತಾನೆ. ಇವರಿಬ್ಬರಲ್ಲಿ ನಾಡಿಗೆ ಉಪಕಾರ ಮಾಡಿದವನು ಯಾರೆಂದು ನೀವೇ ಹೇಳಿ.

ಇನ್ನು ಆ ದೋಸೆಕಲ್ಲಿನ ಯಂತ್ರ. ಅದರ ಗುಟ್ಟು ಅಯಸ್ಕಾಂತದ್ದಲ್ಲ. ತಟ್ಟೆಯೊಳಗೆ ಫ್ಯಾನಿನ ವೈಂಡಿಂಗಿನಂತೆ ತಾಮ್ರದ ತಂತಿಯ ಸುರುಳಿ ಇರುತ್ತದೆ. ಅದರಲ್ಲಿ ಹಿಂದೆಮುಂದೆ ಓಡುವ ವಿದ್ಯುತ್ತು ಹರಿಸುತ್ತಾರೆ. ಹತ್ತಿರದಲ್ಲಿ ಯಾವ ಲೋಹವಿದ್ದರೂ ಅದರ ಮೈಯಲ್ಲಿ ಸಣ್ಣ ವಿದ್ಯುತ್ ಸುಳಿಗಳು ಏಳುತ್ತವೆ. ಆ ಸುಳಿಗಳು ಮರಳಿ ಸುರುಳಿಯನ್ನು ಮುಟ್ಟುತ್ತವೆ, ಯಂತ್ರ ಕೂಗುತ್ತದೆ. ಅದಕ್ಕೇ ಅದು ಚಿನ್ನವನ್ನೂ ಕಾಣುತ್ತದೆ. ಟೆಲಿಫೋನು ಕಂಡುಹಿಡಿದ ಗ್ರಹಾಂ ಬೆಲ್ಲರು 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್‌ಫೀಲ್ಡರಿಗೆ ಗುಂಡು ತಗುಲಿದಾಗ ದೇಹದೊಳಗಿನ ಗುಂಡನ್ನು ಹುಡುಕಲು ಇಂಥ ಯಂತ್ರವನ್ನೇ ತಂದರು. ಗುಂಡು ಸಿಗಲಿಲ್ಲ, ಅಧ್ಯಕ್ಷರು ತೀರಿಕೊಂಡರು. ಹಾಸಿಗೆಯ ಉಕ್ಕಿನ ಸ್ಪ್ರಿಂಗುಗಳೇ ಯಂತ್ರವನ್ನು ಗೊಂದಲಕ್ಕೆ ಹಾಕಿದವೆಂದು ಹೇಳುತ್ತಾರೆ. ಎರಡನೆಯ ಮಹಾಯುದ್ಧದಲ್ಲಿ ಪೋಲೆಂಡಿನ ಕೊಸಾಟ್ಸ್ಕಿ ಎಂಬ ಅಧಿಕಾರಿ ನೆಲಬಾಂಬು ಹುಡುಕುವ ಯಂತ್ರ ಮಾಡಿಕೊಟ್ಟರು. 1942ರಲ್ಲಿ ಎಲ್ ಅಲಮೇನ್ ಮರುಭೂಮಿಯಲ್ಲಿ ಬ್ರಿಟಿಷ್ ಸೈನ್ಯ ಅದನ್ನು ಬಳಸಿತು. ಇಂದು ಕಡಲತೀರದಲ್ಲಿ ಆಟವಾಗಿರುವುದು ಹೀಗೆ ಆಸ್ಪತ್ರೆಯ ಮಂಚದಿಂದ, ಯುದ್ಧಭೂಮಿಯಿಂದ ಬಂದದ್ದು.

ಉಪ್ಪುನೀರಿನಲ್ಲಿ ಈ ಯಂತ್ರಕ್ಕೆ ಒಂದು ತೊಂದರೆ. ಉಪ್ಪುನೀರೇ ವಿದ್ಯುತ್ತನ್ನು ಹರಿಸುವುದರಿಂದ ಸಾಮಾನ್ಯ ಯಂತ್ರ ಬರಿಯ ಒದ್ದೆಮರಳಿಗೂ ಕೂಗುತ್ತದೆ. ಕಡಲಿಗೆ ಇಳಿಯುವವರು ವಿದ್ಯುತ್ತನ್ನು ಬಿಟ್ಟು ಬಿಟ್ಟು ಮಿಡಿಯುವ ಬೇರೆ ಜಾತಿಯ ಯಂತ್ರ ತರುತ್ತಾರೆ, ಬೆಲೆ ಜಾಸ್ತಿ. ನಮ್ಮ ಬಾಬುಘಾಟಿನಲ್ಲಿ ನೀರು ಸಿಹಿ, ಆದರೆ ತೊಂದರೆ ಬೇರೆ. ದುರ್ಗಾಪೂಜೆ, ಕಾಳೀಪೂಜೆ ಎಂದು ವರ್ಷವರ್ಷ ಮೂರ್ತಿ ಮುಳುಗಿಸಿದ ತಳ ಅದು. ಮೊಳೆ, ತಂತಿ, ತಗಡಿನ ಆಯುಧ, ಜರಿ, ಬಿಸ್ಕತ್ತಿನ ಕಾಗದ. ಅಲ್ಲಿ ಯಂತ್ರ ಇಳಿಸಿದರೆ ಹಬ್ಬದ ದಿನದ ಹೋಟೆಲಿನ ಹಾಗೆ ಎಲ್ಲ ಕಡೆಯಿಂದಲೂ ಕೂಗು, ಯಾರಿಗೆ ಕಾಫಿ ಯಾರಿಗೆ ಬಿಲ್ಲು ಎಂದು ತಿಳಿಯದು. ಪರದೇಶದ ತೀರದಲ್ಲೂ ಚಿನ್ನದ ಉಂಗುರಕ್ಕೂ ತಂಪುಪಾನೀಯದ ಡಬ್ಬಿಯ ಕಿವಿಗೂ ಯಂತ್ರ ಹೆಚ್ಚುಕಡಿಮೆ ಒಂದೇ ಸದ್ದು ಮಾಡುತ್ತದಂತೆ. ಮೊಬೈಲಿನಲ್ಲಿ ತೋರಿಸುವುದು ಉಂಗುರವನ್ನು ಮಾತ್ರ, ಅದಕ್ಕೆ ಮುಂಚೆ ಎತ್ತಿದ ನೂರು ಡಬ್ಬಿಕಿವಿಗಳನ್ನಲ್ಲ. ಹುಡುಗರ ಪ್ರಶ್ನೆಗೆ ಇಷ್ಟೇ ಉತ್ತರವಾದರೆ ಇಲ್ಲಿಗೆ ಮುಗಿಸಬಹುದಿತ್ತು.

ಯಂತ್ರ ಕೂಗಿದ ಮೇಲೂ ಕೆಲಸ ಉಳಿದಿರುತ್ತದೆ ಎಂಬುದನ್ನು ನಮ್ಮ ನಾಡೇ ಕಣ್ಣಾರೆ ಕಂಡಿತು. 2024ರ ಜುಲೈ 16ರ ಬೆಳಿಗ್ಗೆ ಉತ್ತರ ಕನ್ನಡದ ಅಂಕೋಲೆ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯನ್ನು ದಾಟಿ ಗಂಗಾವಳಿ ಹೊಳೆಗೆ ಬಿತ್ತು. ದಾರಿಬದಿಯಲ್ಲಿ ಒಂದು ಸಣ್ಣ ಚಹಾ ಹೋಟೆಲಿತ್ತು. ಹೋಟೆಲೂ ಅದರ ಸಂಸಾರವೂ ಕೊಚ್ಚಿಹೋಯಿತು. ಕೇರಳದ ಒಬ್ಬ ಲಾರಿ ಚಾಲಕ ಲಾರಿ ಸಮೇತ ಹೊಳೆಯ ಪಾಲಾದ. ನಮ್ಮಂಥ ಹೋಟೆಲಿನವರು, ನಮ್ಮ ಹೋಟೆಲಿನಲ್ಲಿ ಚಹಾ ಕುಡಿಯುವಂಥವರು. ಸೈನ್ಯ ಬಂತು, ನೌಕಾಪಡೆ ಬಂತು, ಲೋಹ ಹುಡುಕುವ ಯಂತ್ರಗಳು ಬಂದವು, ಡ್ರೋನಿಗೆ ಕಟ್ಟಿದ ಯಂತ್ರವೂ ಬಂತು. ನೀರಿನಡಿಯಲ್ಲಿ ಇಂತಿಂಥ ಕಡೆ ಲೋಹವಿದೆ ಎಂದು ಅವು ಹೇಳಿದವು. ಹೇಳಿದರೇನು? ಮಳೆಗಾಲದ ಸೆಳವಿನಲ್ಲಿ ಇಳಿಯಲಾಗಲಿಲ್ಲ. ಮಲ್ಪೆಯಿಂದ ಬಂದ ಮುಳುಗುಗಾರ ಈಶ್ವರ ಮಲ್ಪೆಯವರು ಮತ್ತೆ ಮತ್ತೆ ಇಳಿದರು. ಕೊನೆಗೆ ಗೋವೆಯಿಂದ ಹೂಳೆತ್ತುವ ಹಡಗು ತರಿಸಿ, ಸೆಪ್ಟೆಂಬರ್ 25ರಂದು, 71 ದಿನಗಳ ಮೇಲೆ, ಲಾರಿ ಮೇಲೆ ಬಂತು. ಒಳಗೆ ಚಾಲಕನ ದೇಹವಿತ್ತು. ಆ ದಿನವೂ ಇನ್ನಿಬ್ಬರು ಸಿಕ್ಕಿರಲಿಲ್ಲ.

ಯಂತ್ರವನ್ನು ನಾವು ಹಳಿಯುತ್ತಿಲ್ಲ. ಯಂತ್ರ ಬೇಕು. ಆದರೆ ಎಲ್ಲಿದೆ ಎಂದು ಹೇಳುವುದು ಒಂದು, ತೆಗೆದು ಕೊಡುವುದು ಇನ್ನೊಂದು. ಎರಡನೆಯದಕ್ಕೆ ಮೈ ಬೇಕು. ಆ ಮೈಗೆ ಕೂಲಿ ಎಷ್ಟು, ಮರ್ಯಾದೆ ಎಷ್ಟು ಎಂಬುದು ನಮ್ಮಂಥ ಸಂಘಗಳು ಕೇಳಬೇಕಾದ ಪ್ರಶ್ನೆ.

ನೀರಿನೊಳಗೆ ಹೆಬ್ಬೆರಳಿನಿಂದ ಕಾಣುವ ವಿದ್ಯೆ ನಮಗೆ ಹೊಸದಲ್ಲ. ಕುಂದಾಪುರ, ಉಡುಪಿ ಕಡೆಯವರು ಇಲ್ಲಿ ಬಹಳ ಜನ ಇದ್ದೀರಿ. ಅಳಿವೆಬಾಗಿಲಲ್ಲಿ ಇಳಿತದ ಹೊತ್ತಿಗೆ ನಮ್ಮ ತಾಯಂದಿರು ಸೊಂಟಮಟ್ಟದ ನೀರಿಗಿಳಿದು ಮರುವಾಯಿ ಹೆಕ್ಕುವುದು ಹೇಗೆ? ಕಣ್ಣಿನಿಂದಲೆ? ಅಂಗಾಲಿನಿಂದ. ಬಯಲುಸೀಮೆಯವರಿಗೆ ಜಲಗಾರ ಎಂಬ ಶಬ್ದ ಗೊತ್ತು. ಈಗ ಅದಕ್ಕೆ ಬೀದಿ ಗುಡಿಸುವವನು ಎಂದು ಅರ್ಥ. ಕುವೆಂಪು ಅವರ ನಾಟಕದಲ್ಲಿ ಶಿವನು ದರ್ಶನ ಕೊಡುವುದು ಅಂಥ ಜಲಗಾರನಿಗೆ. ಆದರೆ ಹಳೆಯ ಅರ್ಥ ಇನ್ನೊಂದುಂಟು: ಮಣ್ಣು, ಬೂದಿ ತೊಳೆದು ಚಿನ್ನದ ಕಣ ತೆಗೆಯುವವನು. ಗದಗಿನ ಕಪ್ಪತಗುಡ್ಡದಿಂದ ಇಳಿಯುವ ಹಳ್ಳಗಳಲ್ಲಿ ಮಳೆ ಬಂದು ಹೋದ ಮೇಲೆ ಮರಳನ್ನು ಮರಿಗೆಯಲ್ಲಿ ಜಾಲಿಸಿ ಕಣ ಹಿಡಿಯುವ ಜಲಗಾರರು ಇದ್ದರು. ಕೋಲಾರದ ಕಡೆಯದೂ ಇದೇ ಕತೆ. 1802ರಲ್ಲಿ ಲೆಫ್ಟಿನೆಂಟ್ ವಾರನ್ ಎಂಬ ಇಂಗ್ಲಿಷ್ ಅಧಿಕಾರಿ ಮೈಸೂರಿನ ಗಡಿ ಅಳೆಯಲು ಹೋದಾಗ ಚಿನ್ನ ತೋರಿಸಿದವರಿಗೆ ಬಹುಮಾನ ಎಂದು ಸಾರಿದನು. ಹಳ್ಳಿಯವರು ಗಾಡಿಯಲ್ಲಿ ಮಣ್ಣು ಹೇರಿಕೊಂಡು ಬಂದು ಅವನ ಎದುರಿಗೇ ತೊಳೆದು ಕಣ ತೋರಿಸಿದರು. ಕಂಡುಹಿಡಿದವರು ಅವರು. ಪುಸ್ತಕದಲ್ಲಿ ಉಳಿದ ಹೆಸರು ವಾರನ್ನನದು. ಆಮೇಲೆ ಕಂಪೆನಿಗಳು ಬಂದವು, ಗಣಿ ಬಂತು, ಹೊರಗಿಂದ ಕೂಲಿಗಳು ಬಂದರು, 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಮಣ್ಣು ಹೊತ್ತು ತಂದವರ ಹೆಸರು ಇವತ್ತಿಗೂ ಇಲ್ಲ.

ಕಲಕತ್ತೆಗೂ ಅದರ ಜಲಗಾರರಿದ್ದಾರೆ. ಬಹುಬಜಾರಿನ ಅಕ್ಕಸಾಲೆ ಗಲ್ಲಿಗಳಲ್ಲಿ ಬೆಳಕು ಹರಿಯುವ ಮುಂಚೆ ಹೋಗಿ ನೋಡಿ, ಅಂಗಡಿಯ ಮುಂದಿನ ಧೂಳನ್ನು, ಮೋರಿಯ ಹೂಳನ್ನು ಗುಡಿಸಿ ತುಂಬಿಕೊಂಡು ಹೋಗಿ ತೊಳೆಯುವವರಿದ್ದಾರೆ. ನೆಹಾರ್‌ವಾಲಾ ಎಂದು ಅವರನ್ನು ಕರೆಯುವುದುಂಟು. ಅವರು ತೇಜಾಬು, ಪಾದರಸ ಮುಟ್ಟುವ ರೀತಿ ನೋಡಿದರೆ ಎದೆ ಝಲ್ಲೆನ್ನುತ್ತದೆ.

ಅಪಾಯದ ಮಾತು ಹೇಳದೆ ಹೋದರೆ ತಪ್ಪಾದೀತು. ನಮ್ಮಲ್ಲಿ ಈಜು ಬಲ್ಲ ಹುಡುಗರಿದ್ದಾರೆ, ರಜೆಯ ದಿನ ಘಾಟಿಗೆ ಹೋಗುತ್ತಾರೆ. ಹೂಗ್ಲಿ ಊರ ಹೊಳೆಯಲ್ಲ. ಸಮುದ್ರದ ಉಬ್ಬರ ಇಳಿತ ಇಲ್ಲಿಯವರೆಗೂ ದಿನಕ್ಕೆ ಎರಡೆರಡು ಸಲ ಬರುತ್ತದೆ. ಇಲ್ಲಿಯವರು ಜೋಯಾರ್, ಭಾಟಾ ಎನ್ನುತ್ತಾರೆ. ಹುಣ್ಣಿಮೆ ಅಮಾವಾಸ್ಯೆಯ ಹತ್ತಿರದ ದಿನಗಳಲ್ಲಿ ಕೆಲವೊಮ್ಮೆ ಉಬ್ಬರ ಗೋಡೆಯಂತೆ ಎದ್ದು ನದಿಯನ್ನು ಹಿಮ್ಮುಖವಾಗಿ ಏರಿಬರುತ್ತದೆ. ಅದಕ್ಕೆ ಬಾನ್ ಎಂದು ಹೆಸರು. ಬಾನ್ ಬರುವುದೆಂದು ದಡದವರು ಕೂಗಿದರೆ ಕಾಸು ಕೈಯಲ್ಲಿದ್ದರೂ ಬಿಟ್ಟು ಮೆಟ್ಟಿಲು ಹತ್ತಬೇಕು. ಪೂಜೆಯ ಕಾಲದಲ್ಲಿ ಮೂರ್ತಿ ಮುಳುಗಿಸಿದ ಕೂಡಲೇ ಕ್ರೇನಿನಿಂದ ಎತ್ತುವ ವ್ಯವಸ್ಥೆ ಬಾಬುಘಾಟಿನಲ್ಲಿ ಕಾರ್ಪೊರೇಶನ್ನಿನವರು ಮಾಡುತ್ತಾರೆ. ಆದರೂ ತಪ್ಪಿಹೋದ ಬಿದಿರು, ಮರದ ಚೌಕಟ್ಟು ತಳದಲ್ಲಿ ಮೊಳೆ ಮೇಲು ಮಾಡಿಕೊಂಡು ಕೂತಿರುತ್ತವೆ. ಆ ಚೌಕಟ್ಟನ್ನು ಈಜಿ ಎಳೆದು ತಂದು ಮೂರ್ತಿ ಮಾಡುವ ಕುಮಾರಟುಲಿಗೆ ಮಾರುವುದೂ ಈ ಹುಡುಗರದೇ ಕಸುಬು. ನಾವು ಮಾತಾಡಿಸಿದ ಒಬ್ಬ ಹುಡುಗನ ಅಂಗಾಲಿನಲ್ಲಿ ಮೂರು ಕಡೆ ಹೊಲಿಗೆಯ ಗುರುತಿತ್ತು. ಸಂಪಾದನೆ ಹೇಗೆಂದು ಕೇಳಿದೆವು. "ದಾದಾ, ಹಬ್ಬದ ಮಾರನೆಯ ದಿನ ನಿಮ್ಮ ಹೋಟೆಲಿನ ಕೂಲಿಗಿಂತ ಜಾಸ್ತಿ. ಮಿಕ್ಕ ದಿನ ಚಹಾದ ಕಾಸು. ಮಳೆಗಾಲದಲ್ಲಿ ಅದೂ ಇಲ್ಲ" ಎಂದ. ಆಮೇಲೆ ತಾನೇ ಹೇಳಿದ: "ಕಾಸು ಸಿಕ್ಕದ್ದಕ್ಕಿಂತ ಕಳ್ಳ ಎಂದು ಅನ್ನಿಸಿಕೊಂಡದ್ದೇ ಜಾಸ್ತಿ."

ಆ ಮಾತು ನಮ್ಮ ಮನಸ್ಸಿನಲ್ಲಿ ಕೂತುಬಿಟ್ಟಿತು. ಅವನು ಕಳ್ಳನೆ? ಕಾನೂನು ತಿಳಿದವರನ್ನು ಕೇಳಿ ಬಂದು ಹೇಳುತ್ತಿದ್ದೇವೆ. ಭಾರತದ ದಂಡ ಸಂಹಿತೆಯ ಕರಡು ತಯಾರಾದದ್ದು ಇದೇ ಕಲಕತ್ತೆಯಲ್ಲಿ, ಮೆಕಾಲೆಯ ಆಯೋಗದಿಂದ, 1837ರಲ್ಲಿ. 1860ರಲ್ಲಿ ಅದು ಕಾನೂನಾಯಿತು. ಅದರ 403ನೆಯ ಕಲಮಿನಲ್ಲೇ ಒಂದು ಉದಾಹರಣೆ ಕೊಟ್ಟಿದ್ದರು: ಹೆದ್ದಾರಿಯಲ್ಲಿ ಒಬ್ಬನಿಗೆ ಒಂದು ರೂಪಾಯಿ ಸಿಗುತ್ತದೆ, ಯಾರದೆಂದು ಅವನಿಗೆ ಗೊತ್ತಿಲ್ಲ, ಎತ್ತಿಕೊಳ್ಳುತ್ತಾನೆ, ಅದು ಅಪರಾಧವಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 314ನೆಯ ಕಲಮು ಈ ವಿಷಯದ್ದೇ. ದಾರಿಯಲ್ಲಿ ಕಳೆದುಹೋದ ರೂಪಾಯಿಗೇ ಹೀಗಾದರೆ, ತಾನಾಗಿ ಕೈಮುಗಿದು ನೀರಿಗೆ ಹಾಕಿ, ಮತ್ತೆ ಬೇಡವೆಂದು ಬೆನ್ನು ತಿರುಗಿಸಿ ಹೋದ ರೂಪಾಯಿಯನ್ನು ಮೈಯೊಡ್ಡಿ ತೆಗೆದವನಿಗೆ ಕಳ್ಳನ ಹೆಸರೇಕೆ? ಅದು ಅವನ ಕೂಲಿ. ಕೊಟ್ಟವಳು ಗಂಗೆ, ಅಷ್ಟೆ.

ಉಂಗುರ, ಸರ, ಗಡಿಯಾರಗಳ ಮಾತು ಬೇರೆ. ಒಡೆಯನು ಯಾರೆಂದು ಗೊತ್ತಿದ್ದು, ಅಥವಾ ವಿಚಾರಿಸಿದರೆ ಗೊತ್ತಾಗುವಂತಿದ್ದು, ವಿಚಾರಿಸದೆ ಇಟ್ಟುಕೊಂಡರೆ ಅದೇ ಕಲಮಿನಲ್ಲಿ ಅಪರಾಧ. ಹಾಗೆಂದು ಸಿಕ್ಕವನಿಗೆ ಹಕ್ಕೇ ಇಲ್ಲವೆಂದಲ್ಲ. 1872ರ ಕರಾರು ಕಾಯಿದೆಯ 168ನೆಯ ಕಲಮಿನ ಪ್ರಕಾರ, ಒಡೆಯನನ್ನು ಹುಡುಕಲು, ವಸ್ತುವನ್ನು ಜೋಪಾನ ಮಾಡಲು ಪಟ್ಟ ಶ್ರಮಕ್ಕೆ ಪರಿಹಾರ ಸಿಗುವವರೆಗೆ ಅದನ್ನು ತನ್ನಲ್ಲಿ ಇಟ್ಟುಕೊಳ್ಳಬಹುದು; ಒಡೆಯನು ಇಂತಿಷ್ಟು ಬಹುಮಾನವೆಂದು ಸಾರಿದ್ದರೆ ಅದನ್ನು ದಾವೆ ಹಾಕಿಯೂ ವಸೂಲು ಮಾಡಬಹುದು. ಇನ್ನು ದಡ ಅಗೆಯುವಾಗ ಮಣ್ಣಿನೊಳಗೆ ಹುದುಗಿಸಿಟ್ಟ 10 ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕಿತೆನ್ನಿ, 1878ರ ನಿಧಿ ಕಾಯಿದೆಯಂತೆ ಕಲೆಕ್ಟರರಿಗೆ ಬರೆದು ತಿಳಿಸಲೇಬೇಕು. ಮುಚ್ಚಿಟ್ಟರೆ ಒಂದು ವರ್ಷದವರೆಗೆ ಸೆರೆವಾಸ. 10 ರೂಪಾಯಿ ಎಂದು ಬರೆದದ್ದು 1878ರಲ್ಲಿ; ಆಗ ಅದು ಒಬ್ಬನಿಗೆ ತಿಂಗಳ ಸಂಬಳದಷ್ಟು, ಈಗ ಒಂದು ಚಹಾ. ಆ ಅಂಕಿಯನ್ನು ತಿದ್ದಲು ಯಾರಿಗೂ ಪುರುಸೊತ್ತಾಗಲಿಲ್ಲವೇನೋ.

ಇದೆಲ್ಲ ಹೋಟೆಲಿನವರಿಗೆ ಏಕೆ ಎನ್ನುತ್ತೀರಾ? ನಮಗೂ ಒಂದು ಗಂಗೆ ಉಂಟು: ಪಾತ್ರೆ ತೊಳೆಯುವ ಹೊಂಡ, ಕೈತೊಳೆಯುವ ಬೇಸಿನ್ನಿನ ಕೆಳಗಿನ ಮೋರಿ. ಗಿರಾಕಿ ಸಾಬೂನು ಹಚ್ಚುವಾಗ ಉಂಗುರ ಜಾರುತ್ತದೆ, ತಿಳಿಯದೆ ಹೋಗಿಬಿಡುತ್ತಾನೆ. ವರ್ಷಗಳ ಹಿಂದೆ ನಾವು ಕೆಲಸಕ್ಕಿದ್ದ ಒಂದು ಹೋಟೆಲು, ಹೆಸರು ಬೇಡ. ಮೋರಿ ಕಟ್ಟಿಕೊಂಡಿತೆಂದು ಕ್ಲೀನರ್ ಹುಡುಗನೊಬ್ಬ ತೋಳಿನವರೆಗೆ ಕೈ ಹಾಕಿ ಕಸ ತೆಗೆದ. ಅನ್ನ, ಬಾಳೆಎಲೆ ಚೂರು, ಕರಿಬೇವಿನ ಜೊತೆ ಒಂದು ಚಿನ್ನದ ಉಂಗುರ ಬಂತು. ತೊಳೆದು ಒರೆಸಿ ಗಲ್ಲಕ್ಕೆ ಕೊಟ್ಟ. ನಾವು ಕಣ್ಣಾರೆ ಕಂಡೆವು. ಎರಡು ದಿನಕ್ಕೆ ಉಂಗುರದ ಒಡೆಯ ಬಂದ. ಗಲ್ಲದಲ್ಲಿ ಉಂಗುರ ಇರಲಿಲ್ಲ. ಹುಡುಗನನ್ನು ಕರೆಸಿ, "ಎಲ್ಲಿಟ್ಟೆಯೋ?" ಎಂದು ಧಣಿಗಳು ಕೇಳಿದರು. ನಾವು ನಾಲ್ಕು ಮಂದಿ ಕೊಟ್ಟದ್ದನ್ನು ಕಂಡಿದ್ದೇವೆ ಎಂದೆವು. ನೀವೆಲ್ಲ ಒಂದೇ ಊರಿನವರು, ನಿಮ್ಮ ಸಾಕ್ಷಿ ಯಾರಿಗೆ ಬೇಕು ಎಂದರು. ಹುಡುಗನ ಸಂಬಳ ಮುರಿದುಕೊಂಡು ಅವನನ್ನು ಹೌರಾ ಸ್ಟೇಶನ್ನಿಗೆ ಅಟ್ಟಿದರು. ಆಮೇಲೆ ಉಂಗುರ ಮೇಜಿನ ಖಾನೆಯ ಹಿಂದಿನ ಸಂದಿಯಲ್ಲಿ ಸಿಕ್ಕಿತಂತೆ. ಹುಡುಗ ಸಿಗಲಿಲ್ಲ. ಅವನ ಊರಿಗೆ ಎರಡು ಕಾಗದ ಹಾಕಿದೆವು, ಉತ್ತರವಿಲ್ಲ.

ಆ ದಿನ ಒಂದು ಸಾಲು ಬರಹ ಇದ್ದಿದ್ದರೆ ಸಾಕಿತ್ತು. ಆದುದರಿಂದ ಸಂಘದ ಕಾರ್ಯಕಾರಿ ಸಮಿತಿ ಒಂದು ತೀರ್ಮಾನ ಮಾಡಿದೆ. ನಮ್ಮವರು ಕೆಲಸ ಮಾಡುವ ಪ್ರತಿ ಹೋಟೆಲಿನಲ್ಲೂ ಗಲ್ಲದ ಬಳಿ ಒಂದು ಪುಸ್ತಕ ಇರಬೇಕೆಂದು ಧಣಿಗಳನ್ನು ಕೇಳಿಕೊಳ್ಳುವುದು. ತಾರೀಖು, ಹೊತ್ತು, ಸಿಕ್ಕಿದ ವಸ್ತು, ಸಿಕ್ಕಿದ ಜಾಗ, ಕೊಟ್ಟವನ ರುಜು, ತೆಗೆದುಕೊಂಡವರ ರುಜು. ರುಜು ಮಾಡಲು ಬಾರದವನು ಹೆಬ್ಬೆಟ್ಟು ಒತ್ತಲಿ, ಒಡೆಯ ಬಂದು ಒಯ್ದಾಗ ಅವನ ರುಜುವೂ ಬೀಳಲಿ. ಇದರಿಂದ ಧಣಿಗಳಿಗೆ ನಷ್ಟವೇನೂ ಇಲ್ಲ, ಗಿರಾಕಿಯ ನಂಬಿಕೆ ಹೆಚ್ಚುತ್ತದೆ. ಕೆಲವರು ಆಗಲೇ ಒಪ್ಪಿದ್ದಾರೆ. ಒಪ್ಪದ ಕಡೆ, ಉಂಗುರ ಸಿಕ್ಕಿದವನು ಅದನ್ನು ಗಲ್ಲಕ್ಕೆ ಕೊಡುವ ಮುಂಚೆ ಇಬ್ಬರ ಎದುರಿಗೆ ಮೊಬೈಲಿನಲ್ಲಿ ಒಂದು ಫೋಟೋ ತೆಗೆದು ಸಂಘದ ನಂಬರಿಗೆ ಕಳಿಸಲಿ, ಕೊಡುವಾಗಲೂ ಒಂದು ತೆಗೆಯಲಿ. ಚಟಕಲ್ಲಿನ ಸೋದರರು ತಮ್ಮ ಸರ್ದಾರರ ಹತ್ತಿರ ಇದೇ ಮಾತು ಎತ್ತಬಹುದು. ಅಲ್ಲಿ ಸಿಗುವುದು ಉಂಗುರವಲ್ಲದಿದ್ದರೂ ಮೆಶಿನ್ನಿನ ಬಿಡಿಭಾಗಕ್ಕೆ ಗೇಟಿನಲ್ಲಿ ಮೈತಡವಿ ಅವಮಾನ ಮಾಡುವುದು ನಿಮಗೇ ಗೊತ್ತು.

ಪುಸ್ತಕಗಳನ್ನು ಗೆರೆ ಹಾಕಿಸಿ ತಂದಿಟ್ಟಿದ್ದೇವೆ. ಸಭೆ ಮುಗಿದ ಮೇಲೆ ಹೋಟೆಲಿಗೊಂದರಂತೆ ಕಾರ್ಯದರ್ಶಿಗಳ ಹತ್ತಿರ ಕೇಳಿ ಪಡೆಯಿರಿ. ಬೆಲೆ ಇಲ್ಲ, ಪೆನ್ನು ಮಾತ್ರ ನಿಮ್ಮದು.